ಕಾರು ಹೇಳುವ ಬಿಸಿಲು, ಊರಿನ ಬಿಸಿಲು

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಗೊರಗುಂಟೆಪಾಳ್ಯದ ಸಿಗ್ನಲ್‌ನಲ್ಲಿ ಸಿಕ್ಕಿಕೊಂಡಿದ್ದೆವು. ಪಕ್ಕದಲ್ಲಿ ಕೂತಿದ್ದ ಭಾವಮೈದುನ ಮೀಟರಿನ ಮೂಲೆಯತ್ತ ಬೆರಳು ಮಾಡಿ, "ಭಾವ, ನೋಡಿ, 44 ಡಿಗ್ರಿ! ಬೆಂಗಳೂರು ಕಲಬುರಗಿ ಆಗೋಯ್ತು" ಅಂದ. ಅನ್ನುವುದರೊಳಗೆ ಫೋಟೊ ಹೊಡೆದು ಮನೆಯವರ ವಾಟ್ಸಾಪ್ ಗುಂಪಿಗೂ ಹಾಕಿದ್ದ. ಬೆಂಗಳೂರು ನಗರದ ಹವಾಮಾನ ದಾಖಲೆಯಲ್ಲಿ 2016ರ ಏಪ್ರಿಲ್‌ನ 39.2 ಡಿಗ್ರಿಯೇ ದೊಡ್ಡ ಸುದ್ದಿಯಾಗಿತ್ತು. ನಮ್ಮ ಕಾರು ಅದನ್ನೂ ಸುಮಾರು ಐದು ಡಿಗ್ರಿ ಮೀರಿಸಿ, ಯಾರಿಗೂ ಹೇಳದೆ ಸಿಗ್ನಲ್‌ನಲ್ಲಿ ನಿಂತಿತ್ತು.

ಸಿಗ್ನಲ್ ಬಿಟ್ಟ ಮೇಲೆ ಅವನ ಎರಡನೇ ಪ್ರಶ್ನೆ ಬಂತು: "ನಾನು ತಗೊಂಡಿರೋ ಕಾರಲ್ಲಿ ಇದು ಇದೆಯಾ? ಎಲ್ಲೂ ಕಾಣಿಸ್ತಿಲ್ಲ." ಹೋದ ತಿಂಗಳಷ್ಟೇ ಅವನು ಸೆಕೆಂಡ್ ಹ್ಯಾಂಡ್ ಚಿಕ್ಕ ಕಾರೊಂದನ್ನು ಕೊಂಡಿದ್ದ. ಹೊರಗಿನ ತಾಪಮಾನ ತೋರಿಸುವ ಈ ಪುಟ್ಟ ಅಂಕಿ ತನ್ನ ಕಾರಿನಲ್ಲಿ ಇದೆಯೋ ಇಲ್ಲವೋ ಎಂದು ತಿಳಿಯುವುದು ಸುಲಭ ಎಂದೇ ಎಲ್ಲರೂ ಅಂದುಕೊಳ್ಳುತ್ತಾರೆ. ಇದ್ದರೆ ಅದು ಹೇಳುವುದೇ ಊರಿನ ಹವೆ ಎಂದೂ ನಂಬುತ್ತಾರೆ. ಎರಡೂ ಅರ್ಧ ಸತ್ಯ.

ನಂಬಿಕೆ: ಅದೆಲ್ಲ ದೊಡ್ಡ ಕಾರಿನ ಶೋಕಿ, ಚಿಕ್ಕ ಕಾರಿನಲ್ಲಿ ಇರುವುದಿಲ್ಲ.

ಸತ್ಯ: ಈ ಅಂಕಿಯ ಹಿಂದಿರುವುದು ಥರ್ಮಿಸ್ಟರ್ ಎಂಬ ಸಣ್ಣ ಬಿಡಿಭಾಗ. ಪ್ಲಾಸ್ಟಿಕ್ ಕವಚ ಬಿಚ್ಚಿದರೆ ಹುಣಸೆ ಬೀಜಕ್ಕಿಂತಲೂ ಚಿಕ್ಕದು. ಬಿಸಿ ಏರಿದಂತೆ ಅದರ ವಿದ್ಯುತ್ ರೋಧ ಇಳಿಯುತ್ತದೆ. ಕಾರಿನ ಕಂಪ್ಯೂಟರು ಆ ರೋಧವನ್ನು ಅಳೆದು ಡಿಗ್ರಿಗೆ ತಿರುಗಿಸುತ್ತದೆ. ದುಬಾರಿ ವಸ್ತುವೇನಲ್ಲ. ತೋರಿಸಲು ಬೇಕಾದ ಪರದೆಯೂ ಕಿಲೋಮೀಟರು, ಮೈಲೇಜು ತೋರಿಸುವುದಕ್ಕೆಂದು ಮೀಟರಿನಲ್ಲಿ ಮೊದಲೇ ಇರುತ್ತದೆ. ಹಾಗಾಗಿ ಕಾರಿನ ಗಾತ್ರಕ್ಕೂ ಇದಕ್ಕೂ ಸಂಬಂಧ ಕಡಿಮೆ.

ಸಂಬಂಧವಿರುವುದು ವೇರಿಯಂಟ್‌ಗೆ. ಮಾರುತಿ ಕಾರುಗಳ ಎಲ್, ವಿ, ಝಡ್ ಅಕ್ಷರಗಳನ್ನೇ ನೋಡಿ: ಒಂದೇ ಹೆಸರು, ಒಂದೇ ಬಣ್ಣ, ಒಂದೇ ವರ್ಷದ ಎರಡು ಕಾರುಗಳಲ್ಲಿ ಒಂದಕ್ಕಿರುವ ಸೌಲಭ್ಯ ಇನ್ನೊಂದಕ್ಕೆ ಇರಬೇಕೆಂದಿಲ್ಲ. ಆದ್ದರಿಂದ "ಈ ಕಾರಿನಲ್ಲಿ ಇದೆಯಾ?" ಎಂದು ಮಾಡೆಲ್ ಹೆಸರಷ್ಟೇ ಹೇಳಿ ಕೇಳಿದರೆ ಶೋರೂಮಿನವರೂ ಸರಿ ಉತ್ತರ ಕೊಡಲಾರರು. ತಯಾರಾದ ವರ್ಷ, ವೇರಿಯಂಟ್ ಎರಡೂ ಬೇಕು. ಸೆಕೆಂಡ್ ಹ್ಯಾಂಡ್ ಆದರೆ ಡಿಕ್ಕಿಯ ಮೇಲೆ ಅಂಟಿಸಿದ ಅಕ್ಷರ ನಂಬಬೇಡಿ. ಬೇಸ್ ಮಾಡೆಲ್ ಕೊಂಡು ಟಾಪ್ ಮಾಡೆಲ್‌ನ ಅಕ್ಷರ ಅಂಟಿಸಿಕೊಳ್ಳುವವರು ಇದ್ದಾರೆ. ಆರ್‌ಸಿಯಲ್ಲಿ ಮಾಡೆಲ್ ಎಂದಿರುವ ಜಾಗ ನೋಡಿ. ಸಾಮಾನ್ಯವಾಗಿ ವೇರಿಯಂಟ್ ಅಲ್ಲೇ ಸಿಗುತ್ತದೆ.

ನಂಬಿಕೆ: ಮ್ಯಾನುಯಲ್‌ನಲ್ಲಿ ಚಿತ್ರ ಇದೆ, ಅಂದ ಮೇಲೆ ಕಾರಿನಲ್ಲೂ ಇದೆ.

ಸತ್ಯ: ಭಾವಮೈದುನ ಎಡವಿದ್ದು ಇಲ್ಲೇ. ಓನರ್ಸ್ ಮ್ಯಾನುಯಲ್‌ನ ಪುಟ ತೆರೆದು, "ಇಲ್ಲೇ ಬರೆದಿದಾರಲ್ಲ ಭಾವ" ಎಂದು ತೋರಿಸಿದ. ಕಂಪನಿಗಳು ವೇರಿಯಂಟ್‌ಗೆ ಒಂದರಂತೆ ಪುಸ್ತಕ ಅಚ್ಚು ಹಾಕಿಸುವುದಿಲ್ಲ. ಎಲ್ಲ ವೇರಿಯಂಟ್‌ಗಳಿಗೂ ಒಂದೇ ಪುಸ್ತಕ. ಮದುವೆಮನೆಯ ಅಡುಗೆ ಪಟ್ಟಿಯಲ್ಲಿದ್ದದ್ದೆಲ್ಲ ಕೊನೆ ಪಂಕ್ತಿಯ ಎಲೆಗೂ ಬಂದೀತೆಂದು ಹೇಳುವ ಹಾಗಿಲ್ಲವಲ್ಲ, ಹಾಗೆ. ಆ ಪುಟದ ತಲೆಯಲ್ಲೋ ಬುಡದಲ್ಲೋ "ಇಫ್ ಈಕ್ವಿಪ್ಡ್" ಎಂಬ ಎರಡು ಪದವೋ ಒಂದು ನಕ್ಷತ್ರ ಚಿಹ್ನೆಯೋ ಇರುತ್ತದೆ. "ನಿಮ್ಮ ಕಾರಿಗೆ ಕೊಟ್ಟಿದ್ದರೆ ಮಾತ್ರ" ಎಂದು ಅದರರ್ಥ.

ಹಾಗೆಂದು ಮ್ಯಾನುಯಲ್ ಬದಿಗಿಡಬೇಡಿ. ಅಂಕಿ ಇದ್ದರೆ ಯಾವ ಬಟನ್ ಒತ್ತಿದಾಗ, ಎಷ್ಟನೇ ಸಲಕ್ಕೆ ಬರುತ್ತದೆ ಎಂದು ಹೇಳುವುದು ಅದೊಂದೇ. ಎಷ್ಟೋ ಚಿಕ್ಕ ಕಾರುಗಳಲ್ಲಿ ತಾಪಮಾನ ಸದಾ ಕಾಣುತ್ತಿರುವುದಿಲ್ಲ. ಮೀಟರಿನಿಂದ ಚಾಚಿಕೊಂಡ ಸಣ್ಣ ಕಡ್ಡಿಯನ್ನೋ ಟ್ರಿಪ್ ಬಟನ್ನನ್ನೋ ಒಂದೊಂದೇ ಸಲ ಒತ್ತುತ್ತ ಹೋದರೆ ಓಡಿದ ಕಿಲೋಮೀಟರು, ಟ್ರಿಪ್ ಎ, ಟ್ರಿಪ್ ಬಿ, ಸರಾಸರಿ ಮೈಲೇಜು, ಉಳಿದ ಪೆಟ್ರೋಲಿಗೆ ಓಡುವ ದೂರ ಇವೆಲ್ಲ ಸರದಿಯಲ್ಲಿ ಬರುತ್ತವೆ. ತಾಪಮಾನವೂ ಆ ಸರದಿಯಲ್ಲೇ ನಿಂತಿರಬಹುದು. ಇಗ್ನಿಷನ್ ಆನ್ ಮಾಡಿ, ಮೊದಲ ಅಂಕಿ ಮತ್ತೆ ಬರುವವರೆಗೆ ಒತ್ತಿ ನೋಡುವುದು ಮೊದಲ ಪರೀಕ್ಷೆ.

ನಂಬಿಕೆ: ಡಿಗ್ರಿ ಲೆಕ್ಕದಲ್ಲಿ ಏನೋ ಒಂದು ಕಾಣುತ್ತಿದೆ, ಅದೇ ಹೊರಗಿನ ತಾಪಮಾನ.

ಸತ್ಯ: ಮೂರು ಸಂಗತಿಗಳು ಈ ವೇಷದಲ್ಲಿ ಬರುತ್ತವೆ. ಒಂದು, ಎಸಿ ಪರದೆಯ 24. ಅದು ನೀವು ಬೇಡಿದ ತಂಪು, ಹೊರಗಿರುವ ಬಿಸಿಯಲ್ಲ. ಎರಡು, ಸಿ ಮತ್ತು ಎಚ್ ಅಕ್ಷರಗಳ ನಡುವಿನ ಮುಳ್ಳು ಅಥವಾ ಕಡ್ಡಿಗಳು. ಅದು ಎಂಜಿನ್ ತಂಪು ಮಾಡುವ ಕೂಲೆಂಟ್‌ನ ಬಿಸಿ. ಈಗಿನ ಹಲವು ಚಿಕ್ಕ ಕಾರುಗಳಲ್ಲಿ ಆ ಮುಳ್ಳೂ ಇಲ್ಲ. ಎಂಜಿನ್ ತಣ್ಣಗಿದ್ದಾಗ ನೀಲಿ ದೀಪ, ಅತಿ ಬಿಸಿಯಾದಾಗ ಕೆಂಪು ದೀಪ. ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡಿದಾಗ ನೀಲಿ ದೀಪ ಹತ್ತಿತೆಂದು ಹೊರಗೆ ಚಳಿ ಎಂದುಕೊಳ್ಳಬೇಕಿಲ್ಲ, ಬಳ್ಳಾರಿಯ ಮೇ ತಿಂಗಳಲ್ಲೂ ಅದು ಹತ್ತುತ್ತದೆ. ಮೂರನೆಯದು ಜಾಣ ವೇಷ: ಫೋನನ್ನು ಕಾರಿನ ಪರದೆಗೆ ಜೋಡಿಸಿದಾಗ ಮೂಡುವ ಹವಾಮಾನದ ಅಂಕಿ. ಅದು ಇಂಟರ್ನೆಟ್‌ನಿಂದ ಬಂದದ್ದು. ಫೋನ್ ತೆಗೆದು ನೋಡಿ. ಅಂಕಿಯೂ ಹೋದರೆ ಅದು ನಿಮ್ಮ ಕಾರಿನದಲ್ಲ.

ನಂಬಿಕೆ: ಪರದೆಯಲ್ಲಿ ಇಲ್ಲವೆಂದರೆ ಸೆನ್ಸರೂ ಇಲ್ಲ.

ಸತ್ಯ: ಹಾಗೇನಿಲ್ಲ. ಆಟೊಮ್ಯಾಟಿಕ್ ಎಸಿ ಇರುವ ಕಾರುಗಳಲ್ಲಿ ಸಾಮಾನ್ಯವಾಗಿ ಹೊರಗಿನ ತಾಪಮಾನದ ಸೆನ್ಸರ್ ಇರುತ್ತದೆ. ಒಳಗನ್ನು 24ಕ್ಕೆ ತರಲು ಎಷ್ಟು ದುಡಿಯಬೇಕೆಂದು ಅಂದಾಜಿಸಲು ಹೊರಗೆಷ್ಟಿದೆ ಎಂಬುದು ಅದಕ್ಕೆ ಗೊತ್ತಾಗಬೇಕು. ತಿಳಿದುಕೊಂಡದ್ದನ್ನು ನಿಮಗೆ ತೋರಿಸಲೇಬೇಕೆಂಬ ನಿಯಮವಿಲ್ಲ. ಗುಂಡಿ ತಿರುಗಿಸುವ ಸಾದಾ ಎಸಿಯ ಕೆಲವು ಕಾರುಗಳಲ್ಲೂ ಈ ಸೆನ್ಸರ್ ಇರಬಹುದು.

ಕಣ್ಣಿನಿಂದ ಹುಡುಕುವುದಾದರೆ ಎರಡು ಜಾಗ ನೋಡಿ. ಮುಂದಿನ ಬಂಪರಿನ ಜಾಲರಿಯ ಹಿಂದೆ, ರೇಡಿಯೇಟರಿಗಿಂತ ಮುಂದೆ, ಎರಡು ತಂತಿ ಕಚ್ಚಿಕೊಂಡ ಕಪ್ಪು ಪ್ಲಾಸ್ಟಿಕ್ ಮೊಗ್ಗು. ಇಲ್ಲವೇ ಸೈಡ್ ಮಿರರ್‌ನ ತಳದಲ್ಲಿ ಇಣುಕುವ ಸಣ್ಣ ತುದಿ. ಬಿಸಿಲು ನೇರ ಬೀಳಬಾರದು, ಎಂಜಿನ್ ಶಾಖ ತಾಗಬಾರದು, ಗಾಳಿ ಮಾತ್ರ ಆಡುತ್ತಿರಬೇಕು ಎಂದು ಆರಿಸಿದ ಜಾಗಗಳಿವು. ಸ್ಟೇರಿಂಗ್ ಕೆಳಗಿನ ಒಬಿಡಿ ಪೋರ್ಟಿಗೆ ಸಿಕ್ಕಿಸುವ ಪುಟ್ಟ ಸಾಧನವಿದ್ದರೆ ಫೋನಿನಲ್ಲೂ ಹುಡುಕಬಹುದು. ಅಲ್ಲೊಂದು ಎಚ್ಚರ: "ಇಂಟೇಕ್ ಏರ್" ಎಂದು ಬರುವ ಅಂಕಿ ಎಂಜಿನ್ ಒಳಗೆಳೆದುಕೊಳ್ಳುವ ಗಾಳಿಯದು. ಬಾನೆಟ್ ಕೆಳಗೆ ಕಾದ ಕೊಳವೆಯಲ್ಲಿ ಬರುವುದರಿಂದ ಹೊರಗಿಗಿಂತ ಹೆಚ್ಚೇ ಇರುತ್ತದೆ. ನಿಮಗೆ ಬೇಕಾದದ್ದು "ಆಂಬಿಯೆಂಟ್ ಏರ್". ಎಲ್ಲ ಕಾರುಗಳೂ ಅದನ್ನು ಬಿಟ್ಟುಕೊಡುವುದಿಲ್ಲ.

ನಂಬಿಕೆ: ಕಾರು 44 ಅಂದರೆ ಊರು 44.

ಸತ್ಯ: ಈಗ ಗೊರಗುಂಟೆಪಾಳ್ಯಕ್ಕೆ ಮರಳೋಣ. ಹವಾಮಾನ ಇಲಾಖೆಯ ಉಷ್ಣಮಾಪಕ ಇರುವುದು ಸ್ಟೀವನ್‌ಸನ್ ಪೆಟ್ಟಿಗೆಯೊಳಗೆ: ಬಿಳಿ ಬಣ್ಣ ಬಳಿದು, ನಾಲ್ಕೂ ಬದಿಗೆ ಓರೆಪಟ್ಟಿ ಹೊಡೆದು ಗಾಳಿ ಆಡಲು ಬಿಟ್ಟ ಮರದ ಗೂಡು. ಸ್ಕಾಟ್ಲೆಂಡಿನ ಎಂಜಿನಿಯರ್ ಥಾಮಸ್ ಸ್ಟೀವನ್‌ಸನ್ 19ನೇ ಶತಮಾನದಲ್ಲಿ ರೂಪಿಸಿದ್ದು. ಅದು ತೆರೆದ ಬಯಲಿನಲ್ಲಿ, ನೆಲದಿಂದ ನಾಲ್ಕಡಿ ಎತ್ತರದಲ್ಲಿ, ನೆರಳಿನ ಗಾಳಿಯ ಬಿಸಿಯನ್ನು ಅಳೆಯುತ್ತದೆ. "ಇವತ್ತು ಬೆಂಗಳೂರಲ್ಲಿ 36 ಡಿಗ್ರಿ" ಎಂಬ ಸುದ್ದಿಯ ಹಿಂದಿರುವುದು ಅಂಥ ಅಳತೆ.

ಕಾರಿನ ಸೆನ್ಸರಿನ ಬಾಳು ಬೇರೆ. ಅದು ಇರುವುದು ಮೊಣಕಾಲೆತ್ತರದಲ್ಲಿ, ಬಿಸಿಲಿಗೆ 50 ಡಿಗ್ರಿ ದಾಟಿ ಕಾದ ಡಾಂಬರಿನ ಮೇಲೆ. ಹಿಂದೆ ನಮ್ಮದೇ ರೇಡಿಯೇಟರು, ಅದರ ಮುಂದೆ ಎಸಿಯ ಶಾಖ ಹೊರಹಾಕುವ ಕಂಡೆನ್ಸರು, ಎದುರಿಗೆ ಬಸ್ಸಿನ ಹೊಗೆ ಕೊಳವೆ. ಓಡುತ್ತಿರುವಾಗ ಎದುರುಗಾಳಿ ಈ ಶಾಖವನ್ನೆಲ್ಲ ಹಿಂದಕ್ಕೆ ತಳ್ಳುತ್ತದೆ. ನಿಂತಾಗ ಅದು ಮುಂದಕ್ಕೆ ಹರಿದು ಸೆನ್ಸರನ್ನು ಮುತ್ತುತ್ತದೆ. ಆಗ ಬರುವ 44 ಸುಳ್ಳಲ್ಲ, ಬಂಪರಿನ ಹಿಂದೆ ಇದ್ದದ್ದು 44 ಡಿಗ್ರಿಯೇ. ಊರಿಗೆಷ್ಟು ಎಂದು ನಾವು ಕೇಳಿದೆವು, ಬಂಪರಿಗೆಷ್ಟು ಎಂದು ಅದು ಹೇಳಿತು.

ತಯಾರಕರಿಗೂ ಇದು ಗೊತ್ತು. ಅದಕ್ಕೇ ಹಲವು ಕಾರುಗಳ ಕಂಪ್ಯೂಟರಿನಲ್ಲಿ ಒಂದು ಯುಕ್ತಿ ಇದೆ: ಬಿಸಿ ಇಳಿದರೆ ಅಂಕಿಯನ್ನು ಬೇಗ ಇಳಿಸುತ್ತದೆ, ಏರಿದರೆ ಮಾತ್ರ ಗಾಡಿ ಸ್ವಲ್ಪ ಹೊತ್ತು ಒಂದು ವೇಗದಲ್ಲಿ ಓಡುವವರೆಗೆ ನಂಬುವುದಿಲ್ಲ. ಎಂಜಿನ್ ಆರಿಸಿ ಚಹಾ ಕುಡಿದು ಬಂದು ಸ್ಟಾರ್ಟ್ ಮಾಡಿದರೆ ಹಳೆಯ ಅಂಕಿಯನ್ನೇ ತೋರಿಸುವ ಕಾರುಗಳೂ ಇವೆ. ಬಿಸಿಲಿನಲ್ಲಿ ಗಂಟೆಗಟ್ಟಲೆ ನಿಲ್ಲಿಸಿದ್ದ ಕಾರಂತೂ ಹೊರಡುವಾಗ ತನ್ನ ಮೈಬಿಸಿಯನ್ನೇ ಹೇಳಬಹುದು. ಅದಕ್ಕೆ ನಿಯಮ ಸರಳ: ತೆರೆದ ರಸ್ತೆಯಲ್ಲಿ ಹತ್ತು ನಿಮಿಷ ಓಡಿಸಿ, ಆಮೇಲೆ ಅಂಕಿ ನೋಡಿ. ಆ ದಿನ ನಾವು ಹಾಗೇ ಮಾಡಿದೆವು. ನೆಲಮಂಗಲ ದಾಟುವ ಹೊತ್ತಿಗೆ 44 ಇಳಿದು 36 ಆಗಿತ್ತು. ಆ ಫೋಟೊ ಮಾತ್ರ ಗುಂಪಿಗೆ ಹೋಗಲಿಲ್ಲ.

ನಂಬಿಕೆ: ಓಡುವಾಗ ಗಾಳಿ ಬಡಿದು ಸೆನ್ಸರ್ ತಣ್ಣಗಾಗುತ್ತದೆ, ಅದಕ್ಕೇ ಕಡಿಮೆ ತೋರಿಸುತ್ತದೆ.

ಸತ್ಯ: ಗಾಳಿಗೆ ನಮಗೆ ಚಳಿಯಾಗುವುದು ನಮ್ಮ ಮೈ ಗಾಳಿಗಿಂತ ಬೆಚ್ಚಗಿರುವುದರಿಂದ, ಬೆವರು ಆರುವುದರಿಂದ. ಒಣಗಿದ ಸೆನ್ಸರಿಗೆ ಸ್ವಂತ ಶಾಖವೂ ಇಲ್ಲ, ಬೆವರೂ ಇಲ್ಲ. ಎಷ್ಟೇ ಗಾಳಿ ಬೀಸಿದರೂ ಅದು ಗಾಳಿಯ ತಾಪಮಾನಕ್ಕಿಂತ ಕೆಳಗಿಳಿಯದು. ಮಳೆಯಲ್ಲಿ ನೆನೆದಿದ್ದರೆ ನೀರು ಆರುವಾಗ ತುಸು ಕೆಳಗೆ ತೋರಿಸಬಹುದು, ಮಣ್ಣಿನ ಹೂಜಿಯ ನೀರು ತಣ್ಣಗಾದಂತೆ.

ನಂಬಿಕೆ: 4 ಡಿಗ್ರಿ ಅಂದರೆ ರಸ್ತೆಯಲ್ಲಿ ಮಂಜುಗಡ್ಡೆ ಇರಲಾರದು.

ಸತ್ಯ: ಕರ್ನಾಟಕದಲ್ಲಿ ಓಡಿಸುವವರಿಗೆ ಈ ಮಾತಿನ ಬಿಸಿ ತಟ್ಟುವುದು ಅಪರೂಪ. ಡಿಸೆಂಬರ್, ಜನವರಿಯಲ್ಲಿ ಬೆಳಗಾಗುವ ಮುನ್ನ ಊಟಿಯ ಕಡೆ ಹೊರಟವರಿಗೆ, ಲಡಾಖಿಗೆ ಹೋದವರಿಗೆ, ಜರ್ಮನಿಯಲ್ಲೋ ಕೆನಡಾದಲ್ಲೋ ಮೊದಲ ಚಳಿಗಾಲ ಕಾಣುತ್ತಿರುವ ನಮ್ಮವರಿಗೆ ಇದು ಪ್ರಾಣದ ಪ್ರಶ್ನೆ. ಅನೇಕ ಕಾರುಗಳಲ್ಲಿ ಹೊರಗೆ 3 ಅಥವಾ 4 ಡಿಗ್ರಿಗೆ ಬಂದಾಗಲೇ ಹಿಮದ ಹರಳಿನ ಚಿಹ್ನೆ ಮಿನುಗುತ್ತದೆ. ನೀರು ಹೆಪ್ಪುಗಟ್ಟುವುದು ಸೊನ್ನೆಯಲ್ಲಿ ತಾನೇ, ಈಗಲೇ ಯಾಕೆ?

ಸೆನ್ಸರ್ ಅಳೆಯುವುದು ಗಾಳಿಯನ್ನು, ಜಾರುವುದು ನೆಲದ ಮೇಲೆ. ಮೋಡವಿಲ್ಲದ ರಾತ್ರಿ ನೆಲ ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಟ್ಟು ಗಾಳಿಗಿಂತ ಹೆಚ್ಚು ತಣಿಯುತ್ತದೆ. ಸೇತುವೆಗಳಂತೂ ಮೇಲಿನಿಂದಲೂ ಕೆಳಗಿನಿಂದಲೂ ಶಾಖ ಕಳೆದುಕೊಂಡು ಉಳಿದ ರಸ್ತೆಗಿಂತ ಮೊದಲು ಹೆಪ್ಪುಗಟ್ಟುತ್ತವೆ. ಹಾಗಾಗಿ ಆ ಚಿಹ್ನೆ "ಇಲ್ಲಿ ಮಂಜುಗಡ್ಡೆ ಇದೆ" ಎನ್ನುವುದಿಲ್ಲ, "ಇನ್ನು ಮೇಲೆ ಇರಬಹುದು" ಎನ್ನುತ್ತದೆ. ಚಿಹ್ನೆ ಬರದಿದ್ದರೆ ಅಪಾಯವಿಲ್ಲ ಎಂದೂ ಅಲ್ಲ.

ನಂಬಿಕೆ: −40 ಬಂದರೆ ಮೀಟರೇ ಹಾಳು.

ಸತ್ಯ: ನನ್ನ ಕಾರಿನಲ್ಲೇ ಒಮ್ಮೆ ಬಂತು. ಬಂಪರಿನ ಗೀರು ತೆಗೆಸಿ ಪೇಂಟ್ ಮಾಡಿಸಿ ಗ್ಯಾರೇಜಿನಿಂದ ಹೊರಬಂದಾಗ ಹೊರಗೆ ಮೈಸುಡುವ ಬಿಸಿಲು, ಮೀಟರಿನಲ್ಲಿ −40. ತಂಪು ಹೆಚ್ಚಿದಷ್ಟೂ ರೋಧ ಹೆಚ್ಚು ಎಂಬುದು ಈ ಸೆನ್ಸರಿನ ಭಾಷೆ. ತಂತಿಯೇ ಕಳಚಿದರೆ ರೋಧಕ್ಕೆ ಮೇರೆಯಿಲ್ಲ. ಕಂಪ್ಯೂಟರು ಅದನ್ನು ಭಯಂಕರ ಚಳಿಯೆಂದು ಓದಿ ತನ್ನ ಅಳತೆಯ ತಳಕ್ಕೆ ಇಳಿದುಬಿಡುತ್ತದೆ. ಕೆಲವು ಕಾರುಗಳು ಬರೀ ಎರಡು ಗೆರೆ ತೋರಿಸುತ್ತವೆ. ವಾಪಸು ಹೋದೆ. ಹುಡುಗ ಜಾಲರಿಯೊಳಗೆ ಕೈ ತೂರಿಸಿ, ಸಿಕ್ಕಿಸಲು ಮರೆತಿದ್ದ ಕನೆಕ್ಟರನ್ನು ಟಿಕ್ ಎನ್ನಿಸಿದ. ಖರ್ಚು ಸೊನ್ನೆ. ಹೊಸ ಮೀಟರಿನ ಬೆಲೆ ಕೇಳುವ ಮುಂಚೆ ಈ ಟಿಕ್ ಸದ್ದು ಕೇಳಿ.

ಭಾವಮೈದುನನ ಕಾರಿಗೆ ಕೊನೆಗೆ ಏನಾಯಿತು? ಆರ್‌ಸಿ ನೋಡಿದೆವು, ನಡುವಿನ ವೇರಿಯಂಟ್. ಜಾಲರಿಯ ಹಿಂದೆ ಮೊಗ್ಗು ಇರಲಿಲ್ಲ. ಟ್ರಿಪ್ ಬಟನ್ ಒತ್ತಿದೆವು, ಐದು ಅಂಕಿ ಬಂದು ಸರದಿ ಮೊದಲಿಗೆ ಮರಳಿತು. ಇಲ್ಲ ಎಂಬುದು ಹತ್ತು ನಿಮಿಷದಲ್ಲಿ ಖಚಿತವಾಯಿತು. ತಂತಿಯ ತುದಿಗೆ ಸೆನ್ಸರ್ ಇರುವ ಅಗ್ಗದ ಡಿಜಿಟಲ್ ಉಷ್ಣಮಾಪಕ ತಂದು ತುದಿಯನ್ನು ಬಂಪರಿನ ನೆರಳಿಗೆ ಕಟ್ಟಿಕೊಂಡ.

ಮುಂದಿನ ತಿಂಗಳು ಮಂಗಳೂರಿನಿಂದ ಮಡಿಕೇರಿಗೆ ಹೊರಟವನು ಸಂಪಾಜೆ ಘಾಟಿ ಹತ್ತುವಾಗ ಫೋನ್ ಮಾಡಿದ. ಸಮುದ್ರಮಟ್ಟದಿಂದ ಸಾವಿರ ಮೀಟರ್ ಮೇಲೇರಿದರೆ ಸುಮಾರು ಆರು ಡಿಗ್ರಿ ಇಳಿಯಬೇಕು ಎಂದು ನಾನು ಹೇಳಿ ಕಳಿಸಿದ್ದೆ. "ಭಾವ, ತಿರುವಿಗೊಂದು ಇಳೀತಿದೆ" ಅಂದ. ಹಿಂದೆ ಗಾಳಿಯ ಸದ್ದು ಕೇಳುತ್ತಿತ್ತು; ಎಸಿ ಆರಿಸಿ ಕಿಟಕಿ ಇಳಿಸಿದ್ದ.