ಗಾಂಧೀಜಿಯನ್ನು ಹುಡುಕುವ ಮಕ್ಕಳು

2012ರಲ್ಲಿ ಲಖನೌದ ಹತ್ತು ವರ್ಷದ ಶಾಲಾ ಬಾಲಕಿಯೊಬ್ಬಳು ಪ್ರಧಾನಿ ಕಚೇರಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿದಳು. ಗಾಂಧೀಜಿಗೆ ‘ರಾಷ್ಟ್ರಪಿತ’ ಎಂಬ ಬಿರುದು ಕೊಟ್ಟ ಆದೇಶದ ಪ್ರತಿ ಬೇಕು ಎಂಬುದು ಅವಳ ಕೋರಿಕೆ. ಅರ್ಜಿ ಅಲ್ಲಿಂದ ಗೃಹ ಸಚಿವಾಲಯಕ್ಕೆ, ಆಮೇಲೆ ದೆಹಲಿಯ ರಾಷ್ಟ್ರೀಯ ಪತ್ರಾಗಾರಕ್ಕೆ ಹೋಯಿತು. ಕೊನೆಗೆ ಉತ್ತರ ಬಂತು: ಅಂಥ ನಿರ್ದಿಷ್ಟ ದಾಖಲೆ ಯಾವುದೂ ಸಿಕ್ಕಿಲ್ಲ.

ತಲೆಮಾರುಗಳಿಂದ ಎಲ್ಲರೂ ಬರೆದುಕೊಂಡು ಬಂದ ಒಂದು ಸಾಲನ್ನು ಒಬ್ಬ ಹುಡುಗಿ ತಡೆದು ನಿಲ್ಲಿಸಿ ‘ಇದು ಎಲ್ಲಿಂದ ಬಂತು?’ ಎಂದು ಕೇಳಿದ್ದಳು. ಆ ಬಿರುದನ್ನು ಯಾವ ಸರ್ಕಾರವೂ ಕೊಟ್ಟದ್ದಲ್ಲ. 1944ರ ಜುಲೈ 6ರಂದು ಆಜಾದ್ ಹಿಂದ್ ರೇಡಿಯೊದಲ್ಲಿ ಗಾಂಧೀಜಿಯನ್ನು ಉದ್ದೇಶಿಸಿ ಮಾತಾಡಿದ ಸುಭಾಷ್‌ಚಂದ್ರ ಬೋಸರು ಅವರನ್ನು ರಾಷ್ಟ್ರಪಿತ ಎಂದು ಕರೆದಿದ್ದರು. ಕಾಂಗ್ರೆಸ್ಸಿನೊಳಗೆ ಗಾಂಧೀಜಿಯೊಡನೆ ಭಿನ್ನಾಭಿಪ್ರಾಯ ಬಂದು ಬೇರೆ ದಾರಿ ಹಿಡಿದವರ ಬಾಯಲ್ಲಿ ಬಂದ ಮಾತು ಅದು. ಇನ್ನು ಸರ್ಕಾರ ಕೊಡುವುದಾದರೂ ಹೇಗೆ? ಸೇನೆಯ ಮತ್ತು ವಿದ್ಯಾಸಂಸ್ಥೆಗಳ ಗೌರವ ಬಿಟ್ಟು ಬೇರೆ ಬಿರುದು ಕೊಡುವಂತಿಲ್ಲ ಎನ್ನುತ್ತದೆ ಸಂವಿಧಾನದ 18ನೇ ವಿಧಿ. ಒಂದು ಪ್ರಶ್ನೆಯ ಬೆನ್ನು ಹತ್ತಿದರೆ ಇಷ್ಟು ಸಂಗತಿ ತೆರೆದುಕೊಳ್ಳುತ್ತದೆ.

ರಾಷ್ಟ್ರನಾಯಕರ ಬಗ್ಗೆ ಪ್ರಾಜೆಕ್ಟ್ ಮಾಡಿಸುವ ರೂಢಿ ನಮ್ಮ ಶಾಲೆಗಳಲ್ಲಿ ಹಳೆಯದು. ಮೊದಲು ಸ್ಟೇಷನರಿ ಅಂಗಡಿಯ ಚಾರ್ಟ್ ತಂದು, ಚಿತ್ರ ಕತ್ತರಿಸಿ ಅಂಟಿಸಿ, ಹಿಂಬದಿಯಲ್ಲಿ ಅಚ್ಚಾಗಿದ್ದ ಪರಿಚಯವನ್ನು ದುಂಡಗಿನ ಅಕ್ಷರದಲ್ಲಿ ಬರೆದರೆ ಮುಗಿಯಿತು. ಈಗ ಕೆಲವು ಶಾಲೆಗಳಲ್ಲಿ ಚಾರ್ಟಿನ ಜಾಗಕ್ಕೆ ವೆಬ್ ಪುಟ ಬಂದಿದೆ. ಸಾಧನ ಬದಲಾದರೂ ಅಂಟಿಸುವ ಕೆಲಸ ಮಾತ್ರ ಹಾಗೇ ಉಳಿದಿದೆ. ಕತ್ತರಿಯೂ ಬೇಡ, ಗೋಂದೂ ಬೇಡ. ಬೆರಳು ಒತ್ತಿದರೆ ಸಾಕು. ಇದರಲ್ಲಿ ಮಕ್ಕಳ ತಪ್ಪೇನೂ ಇಲ್ಲ. ಹುಡುಕುವುದು ಹೇಗೆ ಎಂದು ಅವರಿಗೆ ಯಾರೂ ತೋರಿಸಿಕೊಟ್ಟಿಲ್ಲ.

ಗಾಂಧೀಜಿಯ ವಿಷಯದಲ್ಲಂತೂ ಹುಡುಕಲು ಬೇಕಾದಷ್ಟಿದೆ. ಮೊದಲು ಕೈಗೆ ಸಿಗುವುದು ಆತ್ಮಕಥೆ. ಕನ್ನಡಕ್ಕೆ ಗೊರೂರು ರಾಮಸ್ವಾಮಿ ಅಯ್ಯಂಗಾರರು ತಂದಿರುವುದರಿಂದ ಹೈಸ್ಕೂಲಿನ ಮಕ್ಕಳೂ ಓದಬಹುದು. ಆದರೆ ಓದುವಾಗ ಒಂದು ಸಂಗತಿ ಗೊತ್ತಿರಬೇಕು. 1925ರಿಂದ 1929ರವರೆಗೆ ‘ನವಜೀವನ’ ಪತ್ರಿಕೆಯಲ್ಲಿ ವಾರವಾರ ಬಂದ ಈ ಕಥನ 1920ರ ನಾಗಪುರ ಕಾಂಗ್ರೆಸ್ ಅಧಿವೇಶನದ ಹೊತ್ತಿಗೆ ನಿಂತುಬಿಡುತ್ತದೆ. ದಂಡಿ ಯಾತ್ರೆ ಅದರಲ್ಲಿಲ್ಲ, ಕ್ವಿಟ್ ಇಂಡಿಯಾ ಚಳವಳಿ ಇಲ್ಲ, ನೌಖಾಲಿಯ ಶಾಂತಿಯಾತ್ರೆ ಇಲ್ಲ. ಆತ್ಮಕಥೆಯೊಂದನ್ನೇ ನೆಚ್ಚಿಕೊಂಡ ವಿದ್ಯಾರ್ಥಿಗೆ ಕೊನೆಯ ಇಪ್ಪತ್ತೇಳು ವರ್ಷಗಳ ಗಾಂಧಿ ಸಿಗುವುದೇ ಇಲ್ಲ.

ಆ ವರ್ಷಗಳಿಗಾಗಿ ಅವರ ಸಮಗ್ರ ಬರಹಗಳಿಗೇ ಹೋಗಬೇಕು. 1956ರಲ್ಲಿ ಶುರುವಾದ ಆ ಕೆಲಸ ಮುಗಿದದ್ದು 1994ರಲ್ಲಿ. ಇಂಗ್ಲಿಷಿನಲ್ಲಿ ಒಟ್ಟು 100 ಸಂಪುಟ. ಕೆ. ಸ್ವಾಮಿನಾಥನ್ ಅವರು ಎರಡು ದಶಕಕ್ಕೂ ಹೆಚ್ಚು ಕಾಲ ಪ್ರಧಾನ ಸಂಪಾದಕರಾಗಿ ದುಡಿದರು. ಪತ್ರ, ಭಾಷಣ, ತಂತಿ, ಚೀಟಿ ಎಲ್ಲವೂ ತಾರೀಖಿನ ಪ್ರಕಾರ ಜೋಡಿಸಿಟ್ಟಿವೆ. ಸಾಬರಮತಿ ಆಶ್ರಮದವರು 2013ರಲ್ಲಿ ತೆರೆದ ಗಾಂಧಿ ಹೆರಿಟೇಜ್ ಪೋರ್ಟಲ್‌ನಲ್ಲಿ ಇವನ್ನು ಬಿಡಿಕಾಸು ಕೊಡದೆ ಓದಬಹುದು. ಊರಿನ ಶಾಲೆಯ ಹುಡುಗನಿಗೂ ವಿಶ್ವವಿದ್ಯಾಲಯದ ಪ್ರೊಫೆಸರಿಗೂ ಒಂದೇ ಪುಟ ಒಂದೇ ಹೊತ್ತಿಗೆ ಸಿಗುತ್ತದೆ ಎಂಬುದು ಸಣ್ಣ ಮಾತಲ್ಲ.

ಹಾಗೆಂದು ಪರದೆಯ ಮೇಲೆ ಬಂದದ್ದೆಲ್ಲ ಸರಿ ಎಂದುಕೊಳ್ಳುವಂತಿಲ್ಲ. ಇದೇ ಸಮಗ್ರ ಬರಹಗಳನ್ನು 1990ರ ದಶಕದ ಕೊನೆಯಲ್ಲಿ ಪರಿಷ್ಕರಿಸಿ, ಸಿ.ಡಿ. ರೂಪದಲ್ಲೂ ಹೊರತಂದಾಗ ನೂರಾರು ನಮೂದುಗಳು ಬಿಟ್ಟುಹೋಗಿದ್ದವು. ವಿದ್ವಾಂಸರು ಹಳೆಯ ಮುದ್ರಣದ ಜೊತೆ ತಾಳೆ ನೋಡಿ ಆಕ್ಷೇಪ ಎತ್ತಿದರು. 2005ರಲ್ಲಿ ಸರ್ಕಾರ ಆ ಪರಿಷ್ಕೃತ ಆವೃತ್ತಿಯನ್ನೇ ಹಿಂತೆಗೆದುಕೊಂಡಿತು. ಸರ್ಕಾರವೇ ಹೊರತಂದ ಪುಸ್ತಕದ ಗತಿ ಇದಾದರೆ, ಯಾರೋ ಬರೆದು ಯಾರೋ ಹಂಚಿದ ಪುಟವನ್ನು ಎಷ್ಟು ನಂಬಬೇಕು ಎಂಬುದನ್ನು ಮಕ್ಕಳೇ ಯೋಚಿಸಲಿ.

ಮಾತು ಮತ್ತು ಚಿತ್ರಗಳಲ್ಲಿ ಮೋಸ ಇನ್ನೂ ಹೆಚ್ಚು. ಲೋಕದಲ್ಲಿ ಕಾಣಬಯಸುವ ಬದಲಾವಣೆ ಮೊದಲು ನೀನೇ ಆಗು ಎಂಬರ್ಥದ ಮಾತನ್ನು ಶಾಲೆಯ ಗೋಡೆಗಳ ಮೇಲೆ ಗಾಂಧೀಜಿಯ ಹೆಸರಲ್ಲಿ ಬರೆದಿರುತ್ತಾರೆ. ಅವರ ಬರಹಗಳಲ್ಲಿ ಆ ವಾಕ್ಯ ಆ ರೂಪದಲ್ಲಿ ಇಲ್ಲ. ನಮ್ಮನ್ನು ನಾವು ಬದಲಿಸಿಕೊಂಡರೆ ಲೋಕದ ನಡೆಯೂ ಬದಲಾದೀತು ಎಂಬರ್ಥದ ಒಂದು ಮಾತು 1913ರ ‘ಇಂಡಿಯನ್ ಒಪೀನಿಯನ್’ ಪತ್ರಿಕೆಯಲ್ಲಿ ಇದೆ, ಜನರ ಬಾಯಲ್ಲಿ ಸವೆದು ಅದೇ ಹೀಗಾಗಿರಬಹುದು. ಮೊದಲು ಕಡೆಗಣಿಸುತ್ತಾರೆ, ಆಮೇಲೆ ನಗುತ್ತಾರೆ ಎಂದು ಶುರುವಾಗುವ ಇನ್ನೊಂದು ಪ್ರಸಿದ್ಧ ಮಾತಿನ ಮೂಲ, ಅಮೆರಿಕದ ಕಾರ್ಮಿಕ ಮುಖಂಡ ನಿಕೋಲಸ್ ಕ್ಲೈನ್ 1918ರಲ್ಲಿ ಉಡುಪು ಕಾರ್ಮಿಕರ ಮುಂದೆ ಮಾಡಿದ ಭಾಷಣದಲ್ಲಿ ಸಿಗುತ್ತದೆ. ವಾಟ್ಸ್ಆ್ಯಪ್‌ನಲ್ಲಿ ತಿರುಗುವ ಒಂದು ಚಿತ್ರದಲ್ಲಿ ಗಾಂಧೀಜಿ ಹೆಂಗಸೊಬ್ಬಳ ಜೊತೆ ನಗುತ್ತಿದ್ದಾರೆ. ಮೂಲ ಚಿತ್ರ 1946ರ ಜುಲೈ 6ರಂದು ಮುಂಬಯಿಯಲ್ಲಿ ಮ್ಯಾಕ್ಸ್ ಡೆಸ್ಫರ್ ತೆಗೆದದ್ದು. ಅದರಲ್ಲಿ ಪಕ್ಕಕ್ಕಿರುವವರು ಜವಾಹರಲಾಲ್ ನೆಹರೂ. ಅವರನ್ನು ಅಳಿಸಿ ಹೆಂಗಸಿನ ಚಿತ್ರ ಕೂರಿಸಿದ್ದಾರೆ. ಚಿತ್ರವನ್ನೇ ಕೊಟ್ಟು ಅದರ ಮೂಲ ಹುಡುಕುವ ಸೌಲಭ್ಯ ಈಗ ಪ್ರತಿ ಸ್ಮಾರ್ಟ್‌ಫೋನಿನಲ್ಲೂ ಇದೆ. ಎಂಟನೇ ತರಗತಿಯ ಮಗು ಎರಡು ನಿಮಿಷದಲ್ಲಿ ಈ ಸುಳ್ಳನ್ನು ಹಿಡಿದುಕೊಡಬಲ್ಲದು.

ಕರ್ನಾಟಕದ ಮಕ್ಕಳಿಗೆ ಇದಕ್ಕಿಂತ ಸೊಗಸಾದ ಹುಡುಕಾಟ ಒಂದಿದೆ. 1930ರ ಮಾರ್ಚ್ 12ರಂದು ಸಾಬರಮತಿಯಿಂದ ದಂಡಿಗೆ ಹೊರಟ ಗಾಂಧೀಜಿಯ ಜೊತೆ 78 ಜನ ಸತ್ಯಾಗ್ರಹಿಗಳಿದ್ದರು. ಆ ಹೆಸರುಗಳ ಪಟ್ಟಿ ‘ಯಂಗ್ ಇಂಡಿಯಾ’ ಪತ್ರಿಕೆಯಲ್ಲಿ ಅಚ್ಚಾಯಿತು. ಕರ್ನಾಟಕದಿಂದ ಹೋದ ಒಬ್ಬರೇ ಒಬ್ಬರು ಮೈಲಾರ ಮಹಾದೇವಪ್ಪ. ಈಗಿನ ಹಾವೇರಿ ಜಿಲ್ಲೆಯ ಮೋಟೆಬೆನ್ನೂರಿನವರು. ಆದರೆ ಪಟ್ಟಿಯಲ್ಲಿ ‘ಮೈಲಾರ’ ಎಂದು ಹುಡುಕಿದರೆ ಏನೂ ಸಿಗದು. ವಿದ್ಯಾರ್ಥಿ ಅಲ್ಲಿಗೇ ಕೈಬಿಟ್ಟರೆ, ನಮ್ಮವರು ಯಾರೂ ಇರಲಿಲ್ಲ ಎಂದೇ ಬರೆದುಬಿಡುತ್ತಾನೆ. ಹೆಸರುಗಳನ್ನು ಒಂದೊಂದಾಗಿ ಓದಿದವನಿಗೆ ಮಾತ್ರ ‘ಮಹಾದೇವ ಮಾರ್ತಾಂಡ’ ಕಣ್ಣಿಗೆ ಬೀಳುತ್ತದೆ. ತಂದೆ ಮಾರ್ತಾಂಡಪ್ಪ, ಗುಜರಾತಿನ ಕಡೆಯ ಪದ್ಧತಿಯಂತೆ ಹೆಸರಿನ ಮುಂದೆ ತಂದೆಯ ಹೆಸರು ಬಂದಿದೆ. ಆಗ ಆತನಿಗೆ ವಯಸ್ಸು 18, ಇವತ್ತಿನ ಪಿಯುಸಿ ಮುಗಿಸಿದ ಹುಡುಗನಷ್ಟು. ಇಪ್ಪತ್ನಾಲ್ಕು ದಿನ, ಸುಮಾರು 385 ಕಿಲೋಮೀಟರ್ ನಡೆದ ಆ ಹುಡುಗ ಊರಿಗೆ ಮರಳಿ, ಮಡದಿ ಸಿದ್ದಮ್ಮನವರ ಜೊತೆ ಹೋರಾಟದಲ್ಲೇ ಬದುಕಿದ. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ, ಸರ್ಕಾರ ವಸೂಲಿ ಮಾಡಿಟ್ಟ ಕಂದಾಯದ ಹಣ ವಶಪಡಿಸಿಕೊಳ್ಳಲು ಹೋದಾಗ ಪೊಲೀಸರ ಗುಂಡಿಗೆ ಬಲಿಯಾದ. ತಿರಕಪ್ಪ ಮಡಿವಾಳರ ಮತ್ತು ವೀರಯ್ಯ ಹಿರೇಮಠ ಅವರೂ ಅಲ್ಲೇ ಹುತಾತ್ಮರಾದರು.

ದಂಡಿ ಯಾತ್ರೆಯ ಬಗ್ಗೆ ಎಷ್ಟೋ ಪ್ರಾಜೆಕ್ಟುಗಳಲ್ಲಿ ಊರುಗೋಲು, ಉಪ್ಪು, ತಾರೀಖು ಇಷ್ಟೇ ಇರುತ್ತವೆ. ಮಹಾದೇವಪ್ಪ ಇಲ್ಲದ ದಂಡಿ ಯಾತ್ರೆ ಕನ್ನಡದ ಮಗುವಿಗೆ ಅರ್ಧ ಕಥೆ.

ಇಂಥ ಜಾಗಗಳು ಇನ್ನೂ ಇವೆ. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಒಂದೇ ಒಂದು ಕಾಂಗ್ರೆಸ್ ಅಧಿವೇಶನ 1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ನಡೆಯಿತು. ಅಲ್ಲಿ ಹಾಡಿದ ಶಾಲಾ ಬಾಲಕಿಯರಲ್ಲಿ ಗಂಗೂಬಾಯಿ ಹಾನಗಲ್ ಇದ್ದರು. ನೀರಿಗೆಂದು ಅಂದು ತೋಡಿದ ಕಾಂಗ್ರೆಸ್ ಬಾವಿ ಟಿಳಕವಾಡಿಯಲ್ಲಿ ಇಂದಿಗೂ ಇದೆ. 1927ರಲ್ಲಿ ಆರೋಗ್ಯ ಕೆಟ್ಟಾಗ ಗಾಂಧೀಜಿ ನಂದಿಬೆಟ್ಟದಲ್ಲಿ ವಾರಗಟ್ಟಲೆ ತಂಗಿದ್ದರು. 1934ರಲ್ಲಿ ಹರಿಜನ ನಿಧಿಗಾಗಿ ಕೊಡಗಿಗೆ ಬಂದಾಗ, ಕಥೆಗಾರ್ತಿ ಕೊಡಗಿನ ಗೌರಮ್ಮ ತಮ್ಮ ಒಡವೆ ಬಿಚ್ಚಿಕೊಟ್ಟರು. ಇವೆಲ್ಲ ನಮ್ಮ ತಾಲ್ಲೂಕು, ಹೋಬಳಿಗಳ ಹತ್ತಿರದಲ್ಲೇ ನಡೆದ ಘಟನೆಗಳು.

ಮೇಷ್ಟ್ರುಗಳಲ್ಲಿ, ಮನೆಯವರಲ್ಲಿ ಒಂದು ವಿನಂತಿ. ಈ ಸಲದ ಪ್ರಾಜೆಕ್ಟಿನಲ್ಲಿ ಪುಟಗಳ ಲೆಕ್ಕ ಕೇಳಬೇಡಿ. ಪ್ರತಿ ಸಂಗತಿಯ ಮುಂದೆ ಅದು ಎಲ್ಲಿ ಸಿಕ್ಕಿತು ಎಂದು ಬರೆಸಿ. ಜೊತೆಗೆ ಮಕ್ಕಳನ್ನು ಊರಿನ ಹಿರಿಯರ ಬಳಿಗೂ ಕಳಿಸಿ. 1934ರ ಆ ಪ್ರವಾಸದಲ್ಲಿ ಗಾಂಧೀಜಿಯನ್ನು ಕಂಡ ಮಕ್ಕಳಿಗೆ ಈಗ ತೊಂಬತ್ತು ದಾಟಿದೆ. ‘ನಮ್ಮಪ್ಪ ನೋಡಿದ್ರಂತೆ, ನಮ್ಮಜ್ಜಿ ಬಳೆ ಕೊಟ್ಟಿದ್ರಂತೆ’ ಎಂದು ಹೇಳಬಲ್ಲ ಅವರ ಮಕ್ಕಳೂ ಮುಪ್ಪಾಗಿದ್ದಾರೆ. ಫೋನಿನಲ್ಲಿ ಧ್ವನಿ ಮುದ್ರಿಸಿಕೊಳ್ಳಲು ಹತ್ತು ನಿಮಿಷ ಸಾಕು. ಈ ರಜೆಯಲ್ಲೇ ಮಾಡಿಸಿ.