ಅಜ್ಜಿಗೇಕೆ ಎದುರಿನ ಜಾಗ?

ಸಂಸ್ಥೆಗಳು ತಮ್ಮ ಕಥೆ ಹೇಳಿಕೊಳ್ಳುವ ಬಗೆಯನ್ನು ನೋಡುವ ಮುಂಚೆ ವ್ಯಾಖ್ಯೆಯನ್ನು ಮುಗಿಸಿಬಿಡೋಣ. ಕಟ್ಟಿದವರು ಹೋದ ಮೇಲೂ ನಡೆದುಕೊಂಡು ಹೋಗುವ ಕೂಟ ಸಂಸ್ಥೆ. ಮಠ, ಅರಮನೆ, ಹಾಲಿನ ಡೇರಿ, ಕಂಪನಿ ಎಲ್ಲವೂ ಇದರಲ್ಲಿ ಬಂತು. ಯಾರಿಗೋ ಏನೋ ಬೇಕಿತ್ತು, ಅಡ್ಡಿ ಎದುರಾಯಿತು, ಕೊನೆಗೆ ಏನೋ ಬದಲಾಯಿತು ಎಂದರೆ ಕಥೆ. ವರದಿ ಲೆಕ್ಕ ಒಪ್ಪಿಸುತ್ತದೆ, ಕಥೆ ಒಳಗೆ ಕರೆಯುತ್ತದೆ.

ಜನ ಎಡವುವುದು ಇದರ ಮುಂದಿನ ಮೆಟ್ಟಿಲಲ್ಲಿ. ‘ನಿಮ್ಮ ಸಂಘದ ಕಥೆ ಹೇಳಿ’ ಎಂದು ಯಾವ ಊರಲ್ಲಿ ಕೇಳಿದರೂ ಮೂರು ಸಂಗತಿ ಬಂದೇ ಬರುತ್ತವೆ: ಸಂಸ್ಥಾಪಕರ ಗುಣಗಾನ, ಕಟ್ಟಡಕ್ಕೆ ಬಿದ್ದ ಖರ್ಚು, ಉದ್ಘಾಟನೆಗೆ ಬಂದ ಗಣ್ಯರ ಪಟ್ಟಿ. ಇಷ್ಟು ಮುಗಿಯುವ ಹೊತ್ತಿಗೆ ಹಿಂದಿನ ಸಾಲಿನವರು ಊಟದ ಪಂಕ್ತಿಯ ಕಡೆ ಕಣ್ಣು ಹಾಯಿಸಿರುತ್ತಾರೆ. ಸಂಸ್ಥೆಯ ಕಥೆಗೆ ಸಂಸ್ಥೆಯೇ ನಾಯಕ ಎಂಬ ತಪ್ಪು ತಿಳಿವಳಿಕೆ ಎಷ್ಟು ಗಟ್ಟಿ ಎಂದರೆ, ಅದನ್ನು ಸಡಿಲಿಸಲು ನಾನು ಪ್ರತಿ ಸಲವೂ ಕೇಳುವವರನ್ನು ಚನ್ನರಾಯಪಟ್ಟಣ ತಾಲ್ಲೂಕಿನ ಒಂದು ಬೆಟ್ಟ ಹತ್ತಿಸಬೇಕಾಗುತ್ತದೆ.

ಶ್ರವಣಬೆಳಗೊಳದ ದೊಡ್ಡಬೆಟ್ಟದ ಮೇಲೆ 58 ಅಡಿಯ ಗೊಮ್ಮಟ ನಿಂತಿದ್ದಾನೆ. ಗಂಗರ ಮಂತ್ರಿಯೂ ಸೇನಾಪತಿಯೂ ಆಗಿದ್ದ ಚಾವುಂಡರಾಯ 981ರ ಹೊತ್ತಿಗೆ ಮಾಡಿಸಿದ್ದು. ಮೂರ್ತಿಯ ಪಾದದ ಅಕ್ಕಪಕ್ಕ ಬಗ್ಗಿ ನೋಡಿ. ಇದನ್ನು ಚಾವುಂಡರಾಯ ಮಾಡಿಸಿದ ಎಂದಷ್ಟೇ ಕೆತ್ತಿದೆ, ಆದರೆ ಕನ್ನಡ, ತಮಿಳು, ಮರಾಠಿ ಮೂರರಲ್ಲೂ ಕೆತ್ತಿದೆ. ಬೆಟ್ಟಕ್ಕೆ ಯಾವ ಯಾವ ದಿಕ್ಕಿನಿಂದ ಜನ ಬರುತ್ತಾರೆಂದು ಕೆತ್ತಿಸಿದವರಿಗೆ ಗೊತ್ತಿತ್ತು. ಕೇಳುಗರನ್ನು ಗುರುತಿಸಿಕೊಂಡದ್ದಾಯಿತು, ಆದರೆ ಹೇಳಿದ್ದು ಇನ್ನೂ ಕಥೆಯಾಗಿಲ್ಲ. ಅದು ಬರೀ ಸಹಿ.

ಸುಮಾರು ಇನ್ನೂರು ವರ್ಷ ಕಳೆದ ಮೇಲೆ, 1180ರ ಆಸುಪಾಸಿನಲ್ಲಿ, ಬೊಪ್ಪಣ ಪಂಡಿತ ಎಂಬ ಕವಿಯ ಪದ್ಯಗಳು ಅಲ್ಲೇ ಶಾಸನವಾದವು. ಕಥೆ ಕಾಣಿಸುವುದು ಇಲ್ಲಿ. ಭರತ ಚಕ್ರವರ್ತಿ ಪೌದನಪುರದಲ್ಲಿ ತನ್ನ ತಮ್ಮ ಗೊಮ್ಮಟನ ಮೂರ್ತಿ ಮಾಡಿಸಿದ್ದ. ಕಾಲ ಕಳೆದಂತೆ ಅದನ್ನು ಕೋಳಿಯೂ ಹಾವೂ ಕೂಡಿದ ಕುಕ್ಕುಟಸರ್ಪಗಳು ಮುತ್ತಿಕೊಂಡವು. ನೋಡಬೇಕೆಂದು ಚಾವುಂಡರಾಯ ಹಂಬಲಿಸಿದ. ಆ ಜಾಗ ದೂರ, ದುರ್ಗಮ ಎಂದು ತಿಳಿದು ಇಲ್ಲೇ ಒಂದನ್ನು ಮಾಡಿಸಿದ. ಆಸೆ, ಅಡ್ಡಿ, ಪರಿಹಾರ ಎಲ್ಲ ಇದೆ. ಆದರೂ ನಾಯಕ ಸಂಸ್ಥಾಪಕನೇ. ನಾವು ಕೇಳಿ ತಲೆದೂಗಬಹುದು, ಒಳಗೆ ಹೋಗಿ ನಿಲ್ಲಲು ಜಾಗವಿಲ್ಲ.

ಆ ಜಾಗ ಮಾಡಿಕೊಟ್ಟವಳು ಗುಳ್ಳಕಾಯಜ್ಜಿ. ಅವಳ ಕಥೆ ಕಾವ್ಯಗಳಿಗೆ ಬರುವುದು ಇನ್ನೂ ಕೆಲವು ಶತಮಾನ ಕಳೆದ ಮೇಲೆ. ಈಗ ಹಾಸನದ ಸೀಮೆಯಲ್ಲಿ ಮಕ್ಕಳಿಗೂ ಅದು ಗೊತ್ತು. ಚಾವುಂಡರಾಯ ಕೊಡಗಟ್ಟಲೆ ಹಾಲು ತರಿಸಿ ಅಭಿಷೇಕಕ್ಕೆ ನಿಂತ. ಎಷ್ಟು ಸುರಿದರೂ ಹಾಲು ಸೊಂಟದಿಂದ ಕೆಳಗಿಳಿಯಲೊಲ್ಲದು. ಆಗ ಬದನೆಯ ಜಾತಿಯ ಪುಟ್ಟ ಕಾಯಿಯೊಂದರ ಚಿಪ್ಪಿನಲ್ಲಿ ಗುಟುಕು ಹಾಲು ಹಿಡಿದು ಮುದುಕಿಯೊಬ್ಬಳು ಬಂದಳು. ಜನ ನಕ್ಕರು. ಅವಳು ಎರೆದ ಹಾಲು ಮೂರ್ತಿಯನ್ನು ಮುಡಿಯಿಂದ ಅಡಿಯವರೆಗೆ ನೆನೆಸಿ, ಬೆಟ್ಟದಿಂದ ಹರಿದು ಕೆಳಗಿನ ಕೊಳ ಸೇರಿತು.

ಒಂದು ಸಂಸ್ಥೆ ತನ್ನನ್ನು ಕಟ್ಟಿದವನನ್ನೇ ತಗ್ಗಿಸುವ ಕಥೆಯನ್ನು ಏಕೆ ಹೇಳಿಕೊಳ್ಳುತ್ತದೆ? ಏಕೆಂದರೆ ಚಾವುಂಡರಾಯನಂಥವನು ಸಾವಿರ ವರ್ಷಕ್ಕೊಬ್ಬ ಬಂದಾನು, ಕ್ಷೇತ್ರ ಉಳಿಯಬೇಕಾದದ್ದು ಗುಟುಕು ಹಾಲಿನವರಿಂದ. ‘ನಾನೇನು ಮಹಾ ಕೊಡಬಲ್ಲೆ’ ಎಂದು ಹಿಂಜರಿಯುವವರಿಗೆ ಕಥೆಯಲ್ಲಿ ಖಾಲಿ ಕುರ್ಚಿಯೊಂದು ಕಾದಿದೆ. ಅಜ್ಜಿಗೆ ಹೆಸರಿಲ್ಲ, ಊರಿಲ್ಲ, ಕುಲವಿಲ್ಲ. ಇರುವುದು ಕೈಯಲ್ಲಿನ ಕಾಯಿ ಮಾತ್ರ. ಆ ಕುರ್ಚಿಯಲ್ಲಿ ಯಾರು ಬೇಕಾದರೂ ಕೂರಬಹುದು. ಅಜ್ಜಿ ನಿಜಕ್ಕೂ ಕೂಷ್ಮಾಂಡಿನಿ ದೇವಿ, ಸೇನಾಪತಿಯ ಗರ್ವ ಇಳಿಸಲು ವೇಷ ತೊಟ್ಟು ಬಂದಿದ್ದಳು ಎಂದು ಪುರಾಣ ಮುಂದುವರಿಯುತ್ತದೆ. ನನಗೇನೋ ಅವಳು ಬರೀ ಅಜ್ಜಿಯಾಗಿದ್ದರೇ ಕಥೆಗೆ ಹೆಚ್ಚು ಕಸುವು ಅನ್ನಿಸುತ್ತದೆ. ದೇವಿಯಾದ ಕೂಡಲೇ ಕುರ್ಚಿ ಮತ್ತೆ ಎತ್ತರವಾಗಿಬಿಡುತ್ತದೆ.

ಈ ಕಥೆಯ ಫಲ 1981ರಲ್ಲಿ ಕಾಣುತ್ತದೆ. ಗೊಮ್ಮಟನಿಗೆ ಸಾವಿರ ವರ್ಷ ತುಂಬಿದ ಆ ಮಹಾಮಸ್ತಕಾಭಿಷೇಕಕ್ಕೆ ಮುನ್ನ ಜನಮಂಗಳ ಮಹಾಕಲಶ ದೆಹಲಿಯಿಂದ ಹೊರಟು ದೇಶ ಸುತ್ತಿತು. ಎಲ್ಲರೂ ಬೆಟ್ಟಕ್ಕೆ ಬರಲಾಗದೆಂದು ಕಲಶವೇ ಜನರಿದ್ದಲ್ಲಿಗೆ ಹೋಯಿತು. ಇನ್ನೊಂದು ಮುಖವನ್ನೂ ಹೇಳಬೇಕು. 2018ರ ಅಭಿಷೇಕದಲ್ಲಿ ಮೊದಲ ಕಲಶಕ್ಕೆ ಕೋಟಿಗಟ್ಟಲೆ ಕಾಣಿಕೆ ಸಂದಿತು. ಅಜ್ಜಿಯ ಕಥೆ ಹೇಳುವ ಕ್ಷೇತ್ರವೂ ಕೊಡಗಟ್ಟಲೆ ತಂದವರನ್ನು ಮುಂದೆ ನಿಲ್ಲಿಸಲೇಬೇಕಾಗುತ್ತದೆ. ಕಥೆಗೂ ಖಜಾನೆಗೂ ನಡುವಿನ ಈ ಜಗ್ಗಾಟ ಇಲ್ಲದ ಸಂಸ್ಥೆಯನ್ನು ನಾನು ಕಂಡಿಲ್ಲ.

ಹೊಯ್ಸಳರ ಕಥೆ ಬೇರೆ ಬಗೆಯದು. ಹುಲಿ ಮೇಲೆರಗಿತು, ಜೈನ ಮುನಿ ಬಳಿಯಿದ್ದ ಸಳನೆಂಬವನಿಗೆ ‘ಹೊಯ್, ಸಳ’ ಎಂದರು, ಅವನು ಹೊಡೆದ. ಮನೆತನದ ಹೆಸರು ಮೊದಲು ಹುಟ್ಟಿ, ಅದನ್ನು ಬಿಡಿಸಿ ಹೇಳಲು ಕಥೆ ಆಮೇಲೆ ಬಂದಿರಬೇಕು ಎಂಬುದು ಅನೇಕ ಇತಿಹಾಸಕಾರರ ಊಹೆ. ಆದರೇನು, ಹೆಸರು, ಲಾಂಛನ, ಕಥೆ ಮೂರೂ ಒಂದೇ ಏಟಿಗೆ ಕೂಡಿಬಂದವು. ಓದು ಬಾರದವನೂ ಬೇಲೂರಿನ ಗುಡಿಯೆದುರು ಆ ಹುಲಿಯನ್ನು ನೋಡಿ ಇದು ಯಾರ ರಾಜ್ಯ ಎಂದು ಹೇಳಬಲ್ಲವನಾದ. ಇವತ್ತಿನ ಕಂಪನಿಗಳು ಇಷ್ಟಕ್ಕೇ ಎಷ್ಟು ದುಡ್ಡು ಸುರಿಯುತ್ತವೆ ನೋಡಿ.

ಹಾಸನ ಪೇಟೆಯ ಹಾಸನಾಂಬೆ ಗುಡಿಯದು ಮುಚ್ಚಿದ ಬಾಗಿಲಿನ ಕಥೆ. ಆಶ್ವಯುಜ ಹುಣ್ಣಿಮೆಯ ನಂತರದ ಗುರುವಾರ ತೆರೆದು, ಬಲಿಪಾಡ್ಯಮಿ ಕಳೆದ ಮೇಲೆ ಹಾಕಿಕೊಳ್ಳುವ ಬಾಗಿಲು ಉಳಿದ ವರ್ಷವೆಲ್ಲ ಕಥೆ ಹೆಣೆಯುತ್ತದೆ. ಅಲ್ಲಿ ‘ಸೊಸೆ ಕಲ್ಲು’ ಎಂದು ಕರೆಯುವ ಕಲ್ಲೊಂದು ವರ್ಷಕ್ಕೊಂದು ಅಕ್ಕಿಕಾಳಿನಷ್ಟು ದೇವಿಯ ಕಡೆ ಸರಿಯುತ್ತದಂತೆ, ಮುಟ್ಟಿದ ದಿನ ಕಲಿಯುಗ ಮುಗಿಯುತ್ತದಂತೆ. ಇದನ್ನು ಅಳೆಯಲು ಯಾರೂ ಪಟ್ಟಿ ಹಿಡಿದು ಹೋಗುವುದಿಲ್ಲ. ‘ಅಂತೆ’ ಎಂಬ ಒಂದು ಪ್ರತ್ಯಯ ಕಥೆಯನ್ನು ಕಾಯುತ್ತದೆ. ಹಚ್ಚಿದ ದೀಪ ವರ್ಷವಿಡೀ ಆರುವುದಿಲ್ಲ ಎಂಬ ಮಾತಿನಲ್ಲಿ ‘ಅಂತೆ’ ಉದುರಿದಾಗಲೇ ತಗಾದೆ ಶುರು, ಏಕೆಂದರೆ ಆಗ ಅದು ಕಥೆಯಾಗಿ ಉಳಿಯದೆ ಸಾಕ್ಷಿ ಬೇಡುವ ಹೇಳಿಕೆಯಾಗುತ್ತದೆ. ಕಥೆಯನ್ನು ಪುರಾವೆಯ ಜಾಗದಲ್ಲಿ ಕೂರಿಸಿದ ಸಂಸ್ಥೆ, ಅದು ದೇವಸ್ಥಾನವಿರಲಿ ಔಷಧದ ಕಂಪನಿಯಿರಲಿ, ಎರಡನ್ನೂ ಕಳೆದುಕೊಳ್ಳುತ್ತದೆ.

ಇಷ್ಟು ಓದಿದವರಲ್ಲಿ ನನ್ನದೊಂದು ಬೇಡಿಕೆ. ಶಾಸನಗಳು ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ಅಚ್ಚಾಗಿವೆ. ಬಿ. ಎಲ್. ರೈಸ್ 1889ರಲ್ಲಿ ತಂದ ಶ್ರವಣಬೆಳಗೊಳದ ಸಂಪುಟವನ್ನು ಆರ್. ನರಸಿಂಹಾಚಾರ್ 1923ರಲ್ಲಿ ಹಿಗ್ಗಿಸಿ ಹೊಸದಾಗಿ ಹೊರತಂದರು. ಒಮ್ಮೆ ತೆರೆದು ನೋಡಿ, ಚಟ ಹಿಡಿಯುತ್ತದೆ. ಆದರೆ ಹೊಳೆನರಸೀಪುರ, ಅರಕಲಗೂಡು ತಾಲ್ಲೂಕುಗಳ ಹಾಲಿನ ಡೇರಿಗಳ ನಡಾವಳಿ ಪುಸ್ತಕಗಳನ್ನು ಓದುವವರು ಯಾರು? ಮೊದಲ ದಿನ ಅರ್ಧ ಲೀಟರು ಹಾಲು ಹಿಡಿದು ಬಂದಾಕೆ ಯಾರು, ಅದನ್ನು ಅಳೆದವರು ಯಾರು, ನಕ್ಕವರು ಯಾರು? ಕೇಳಿ ಬರೆದಿಡಿ, ಅವರಲ್ಲಿ ಕೆಲವರು ಇನ್ನೂ ಜಗಲಿಯ ಮೇಲೆ ಸಿಗುತ್ತಾರೆ. ಬೆಟ್ಟಕ್ಕೆ ಹೋದಾಗ ಗೊಮ್ಮಟನ ಕಡೆ ನುಗ್ಗುವ ಮುಂಚೆ ಪ್ರಾಕಾರದ ಹೆಬ್ಬಾಗಿಲ ಹೊರಗೆ ಒಂದು ಗಳಿಗೆ ನಿಲ್ಲಿ. ಎದುರಿನ ಮಂಟಪದಲ್ಲಿ ಅಜ್ಜಿ ಕಾಯಿ ಹಿಡಿದು ನಿಂತಿದ್ದಾಳೆ. ಅವಸರದಲ್ಲಿ ಬಂದವರು ಅವಳಿಗೆ ಬೆನ್ನು ಮಾಡಿ ಫೋಟೋ ತೆಗೆಸಿಕೊಳ್ಳುತ್ತಿರುತ್ತಾರೆ.