ಪಿಸ್ಟನ್ ಹಿಂದೆಳೆಯುವ ರಬ್ಬರ್ ಬಳೆ

ಬ್ರೇಕ್ ಪೆಡಲ್ ಒತ್ತಿದರೆ ಪ್ಯಾಡುಗಳು ಡಿಸ್ಕನ್ನು ಎರಡೂ ಕಡೆಯಿಂದ ಅದುಮಿ ಹಿಡಿಯುತ್ತವೆ. ಕಾಲು ತೆಗೆದ ಮೇಲೆ ಆ ಹಿಡಿತ ಸಡಿಲಿಸುವುದು ಯಾವುದು? ಡ್ರಮ್ ಬ್ರೇಕಿನಲ್ಲಾದರೆ ಶೂಗಳನ್ನು ವಾಪಸ್ ಎಳೆಯಲು ಗಟ್ಟಿ ಸ್ಪ್ರಿಂಗುಗಳಿರುತ್ತವೆ. ಸಾಮಾನ್ಯ ಕಾರಿನ ಮುಂಚಕ್ರದ ಕ್ಯಾಲಿಪರ್ ಬಿಚ್ಚಿದರೆ ಪ್ಯಾಡನ್ನು ತಳ್ಳುವ ಪಿಸ್ಟನ್ನಿಗೆ ಅಂಥ ಸ್ಪ್ರಿಂಗೇ ಕಾಣುವುದಿಲ್ಲ. ಸುತ್ತ ಒಂದು ರಬ್ಬರ್ ಬಳೆ, ಬಾಯಿಗೆ ಧೂಳು ತಡೆಯುವ ಒಂದು ಬೂಟ್, ಅಷ್ಟೇ. ಆ ಬಳೆಯೇ ಸೀಲ್.

ಬಳೆಯನ್ನು ಕೊಯ್ದು ನೋಡಿದರೆ ಅದರ ಮೈ ದುಂಡಗಿಲ್ಲ, ಚೌಕ. ಕ್ಯಾಲಿಪರಿನ ಒಳಗೋಡೆಯಲ್ಲಿ ಕೊರೆದ ತೋಡಿನಲ್ಲಿ ಅದು ಕೂತಿರುತ್ತದೆ. ಪಿಸ್ಟನ್ ಮುಂದೆ ಸರಿದಾಗ ಬಳೆಯ ಒಳಮೈ ಅದಕ್ಕೆ ಅಂಟಿಕೊಂಡೇ ಹೋಗುತ್ತದೆ, ಹೊರಮೈ ಮಾತ್ರ ತೋಡಿನಲ್ಲೇ ಉಳಿಯುತ್ತದೆ. ಕಾಲೂರಿ ನಿಂತವನು ಸೊಂಟದಿಂದ ಮೇಲಷ್ಟೇ ಬಾಗಿದ ಹಾಗೆ. ಒತ್ತಡ ಹೋದ ಕೂಡಲೇ ರಬ್ಬರು ನೆಟ್ಟಗಾಗಿ ಪಿಸ್ಟನ್ನನ್ನೂ ಎಳೆದುಕೊಳ್ಳುತ್ತದೆ. ಒಂದು ಮಿಲಿಮೀಟರೂ ಇಲ್ಲದ ಎಳೆತ, ಆದರೆ ಪ್ಯಾಡ್ ಉಜ್ಜದಿರಲು ಅಷ್ಟು ಸಾಕು. ಪ್ಯಾಡ್ ಸವೆದಂತೆ ಪಿಸ್ಟನ್ ಬಳೆಯೊಳಗೆ ಕೊಂಚ ಜಾರಿ ಹೊಸ ಜಾಗ ಹಿಡಿಯುತ್ತದೆ. ಡಿಸ್ಕ್ ಬ್ರೇಕನ್ನು ಆಗಾಗ ಟೈಟ್ ಮಾಡಿಸಬೇಕಿಲ್ಲ ಎಂಬುದರ ಗುಟ್ಟು ಇದೇ. ಇಷ್ಟನ್ನೂ ಬಳೆ ಮಾಡುವುದು ಎಂಥ ಒತ್ತಡದಲ್ಲಿ ಗೊತ್ತೇ? 54 ಮಿ.ಮೀ. ವ್ಯಾಸದ ಪಿಸ್ಟನ್ನಿನ ಹಿಂದೆ 70 ಬಾರ್ ಒತ್ತಡ ಬಿದ್ದರೆ ಪ್ಯಾಡಿನ ಮೇಲೆ ಸುಮಾರು 1600 ಕಿಲೋ ತೂಕದಷ್ಟು ಬಲ ಬೀಳುತ್ತದೆ.

ಈ ವ್ಯವಸ್ಥೆಯನ್ನು ಕೆಡಿಸುವುದು ನೀರು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುವ ದ್ರವ. ಹೊಸ ಡಾಟ್ 4 ದರ್ಜೆಯ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು. ತೇವ ಹೀರಿದ ಮೇಲೆ ಮಿತಿ 155ಕ್ಕೆ ಇಳಿಯುತ್ತದೆ. ಚಾರ್ಮಾಡಿಯಂಥ ಘಾಟಿಯನ್ನು ಬ್ರೇಕ್ ಮೇಲೆ ಕಾಲಿಟ್ಟೇ ಇಳಿಯುವವರು ಈ ಅಂಕಿ ನೆನಪಿಟ್ಟುಕೊಳ್ಳಬೇಕು. ಅದೇ ನೀರು ಪಿಸ್ಟನ್ನಿಗೂ ತುಕ್ಕು ಹಿಡಿಸುತ್ತದೆ. ಬೂಟ್ ಹರಿದಿದ್ದರಂತೂ ಹೊರಗಿನ ಕೆಸರೂ ಸೇರುತ್ತದೆ. ಆಮೇಲೆ ಪಿಸ್ಟನ್ ಕಚ್ಚಿಕೊಂಡು, ಬ್ರೇಕ್ ಹಾಕಿದಾಗ ಕಾರು ಒಂದು ಪಕ್ಕಕ್ಕೆ ಎಳೆಯುತ್ತದೆ, ಒಂದು ಚಕ್ರ ಮಾತ್ರ ಸುಡುತ್ತದೆ.

ಹೀಗಾದರೂ ಇಡೀ ಕ್ಯಾಲಿಪರ್ ಬದಲಿಸಬೇಕಿಲ್ಲ. ಬಹಳ ಸಲ ಸೀಲ್ ಕಿಟ್ ಸಾಕು. ಮನೆಯಲ್ಲೇ ಮಾಡಬಹುದಾದ ಕೆಲಸ, ಆದರೆ ಮೊದಲ ಸಲ ಬಲ್ಲವರೊಬ್ಬರು ಪಕ್ಕದಲ್ಲಿರಲಿ. ಜಾಕ್ ಒಂದನ್ನೇ ನಂಬಬೇಡಿ, ಸ್ಟ್ಯಾಂಡ್ ಕೊಡಿ. ಪಿಸ್ಟನ್ ತೆಗೆಯಲು ಕಂಪ್ರೆಸರ್ ಗಾಳಿ ಬಿಡುವವರಿದ್ದಾರೆ. ಆಗ ಪಿಸ್ಟನ್ ಗುಂಡಿನಂತೆ ಹಾರಿ ಬೆರಳು ಜಜ್ಜಬಲ್ಲದು. ಹೋಸ್ ಬಿಚ್ಚುವ ಮೊದಲೇ ಪ್ಯಾಡ್ ತೆಗೆದು, ಎದುರಿಗೆ ಮರದ ತುಂಡಿಟ್ಟು, ಪೆಡಲನ್ನೇ ಮೆಲ್ಲಗೆ ಒತ್ತಿಸಿದರೆ ಸಾಕು. ಚೆಲ್ಲಿದ ಬ್ರೇಕ್ ಆಯಿಲ್ ಪೇಂಟ್ ತಿನ್ನುತ್ತದೆ, ಕೂಡಲೇ ನೀರು ಸುರಿಯಿರಿ.

ಪಿಸ್ಟನ್ನನ್ನು ಬಟ್ಟೆಯಲ್ಲಿ ಒರೆಸಿ ಬೆಳಕಿಗೆ ಹಿಡಿದು ತಿರುಗಿಸಿ. ಸೀಲ್ ಉಜ್ಜುವ ಪಟ್ಟಿಯಲ್ಲಿ ಉಗುರಿಗೆ ಸಿಗುವ ಗುಳಿ ಇದ್ದರೆ ಪಿಸ್ಟನ್ ಗುಜರಿಗೆ. ಎಮೆರಿ ಪೇಪರಿನಲ್ಲಿ ತಿಕ್ಕಿ ಉಳಿಸಿಕೊಳ್ಳುವ ಆಸೆ ಬೇಡ, ಕ್ರೋಮ್ ಲೇಪ ಹೋದರೆ ತುಕ್ಕು ಇನ್ನೂ ಬೇಗ ಬರುತ್ತದೆ. ತೋಡಿನೊಳಗಿನ ಕರಿ ಕಿಟ್ಟವನ್ನು ಮರದ ಅಥವಾ ಪ್ಲಾಸ್ಟಿಕ್ ಕಡ್ಡಿಯಿಂದ ಕೆರೆಯಬೇಕು, ಸ್ಕ್ರೂಡ್ರೈವರಿನಿಂದಲ್ಲ. ಅಲ್ಲಿ ಕಿಟ್ಟ ಉಳಿದರೆ ಹೊಸ ಬಳೆಗೆ ಬಾಗಲು ಜಾಗವಿರದೆ ಪಿಸ್ಟನ್ ಮೊದಲಿನಂತೆಯೇ ಕಚ್ಚುತ್ತದೆ. ಸೀಮೆಎಣ್ಣೆ, ಪೆಟ್ರೋಲು, ಮಾಮೂಲಿ ಗ್ರೀಸು ಹತ್ತಿರ ಸುಳಿಯಬಾರದು. ಸೀಲಿನ ಇಪಿಡಿಎಂ ರಬ್ಬರು ಅವು ತಾಗಿದರೆ ಊದಿಕೊಳ್ಳುತ್ತದೆ. ಹೊಸ ಬ್ರೇಕ್ ಆಯಿಲನ್ನೇ ಸವರಿ, ಬೆರಳಲ್ಲಿ ಒತ್ತಿ ಕೂರಿಸಿ. ಪಿಸ್ಟನ್ ನೆಟ್ಟಗೆ ಹಿಡಿದರೆ ಕೈಬಲಕ್ಕೇ ಒಳಗೆ ಹೋಗಬೇಕು. ಸುತ್ತಿಗೆ ಬೇಕೆನಿಸಿದರೆ ಎಲ್ಲೋ ಓರೆಯಾಗಿದೆ.

ಕ್ಯಾಲಿಪರ್ ಜಾರುವ ಗೈಡ್ ಪಿನ್ನುಗಳನ್ನು ಮರೆಯಬೇಡಿ. ಒಂದು ಪ್ಯಾಡ್ ತೀರಾ ಸವೆದು ಇನ್ನೊಂದು ಹಾಗೇ ಇದ್ದರೆ ತಪ್ಪು ಬಹಳ ಸಲ ಅವುಗಳದ್ದೇ. ಸಿಲಿಕೋನ್ ಗ್ರೀಸ್ ಹಚ್ಚಿ. ಹೋಸಿನ ಬೋಲ್ಟಿಗೆ ಹೊಸ ತಾಮ್ರದ ವಾಷರ್ ಹಾಕಿ.

ಕೊನೆಗೆ ಏರ್ ತೆಗೆಯುವುದು. ಪೆಡಲ್ ಗಟ್ಟಿಯಾಗುವ ತನಕ ಕಾರು ಕದಲಿಸಕೂಡದು. ಎಷ್ಟು ಒತ್ತಿಸಿದರೂ ಪೆಡಲ್ ಮೆತ್ತಗೇ ಇದ್ದರೆ ಏರ್ ಬಿಡುವ ನಿಪ್ಪಲ್ ಎಲ್ಲಿದೆ ನೋಡಿ. ಗಾಳಿ ಮೇಲಕ್ಕೇರುವುದರಿಂದ ನಿಪ್ಪಲ್ ಕ್ಯಾಲಿಪರಿನ ಮೇಲ್ಗಡೆ ಇರಬೇಕು. ಕೆಳಗಿದ್ದರೆ ಎಡಗಡೆಯ ಕ್ಯಾಲಿಪರ್ ಬಲಕ್ಕೂ ಬಲದ್ದು ಎಡಕ್ಕೂ ಕೂತಿವೆ. ಎರಡನ್ನೂ ಒಟ್ಟಿಗೆ ಬಿಚ್ಚಿದವರಿಗೆ ಇದು ಆಗುವುದುಂಟು.